ಹೆಸರು ತೆಗೆದು ಓದಿ ನೋಡಿ: ಎಐ ಬರೆದುಕೊಟ್ಟ ಕನ್ನಡವನ್ನು ನಮ್ಮದು ಮಾಡಿಕೊಳ್ಳುವ ಬಗೆ

ತೀರ್ಥಹಳ್ಳಿಯಲ್ಲಿ ನಂದೊಂದು ಸಣ್ಣ ಡಿಟಿಪಿ ಅಂಗಡಿ. 2003ರಿಂದ ನಡೆಸುತ್ತಿದ್ದೇನೆ. ಮದುವೆ ಕಾಗದ, ವೈಕುಂಠ ಸಮಾರಾಧನೆ ಕಾಗದ, ಸಂಘದ ವಾರ್ಷಿಕ ವರದಿ, ಬಿನ್ನವತ್ತಳೆ, ಬೀಳ್ಕೊಡುಗೆ ಭಾಷಣ, ಎಲ್ಲವೂ ಬರುತ್ತವೆ. ಮೊದಲೆಲ್ಲ ಜನ ನೋಟ್‌ಬುಕ್ಕಿನ ಹಾಳೆ ಹರಿದು, ಅದರಲ್ಲಿ ಗೀಚಿ ತರುತ್ತಿದ್ದರು. ಈಗ ವಾಟ್ಸಾಪ್‌ನಲ್ಲಿ ಚಾಟ್‌ಜಿಪಿಟಿ ಬರೆದದ್ದು ಬರುತ್ತದೆ. ಕಾಗುಣಿತ ಸರಿ ಇರುತ್ತದೆ. ಓದಿದರೆ ಯಾರ ಬಗ್ಗೆ ಅಂತಲೇ ಗೊತ್ತಾಗುವುದಿಲ್ಲ.

ಹೋದ ವರ್ಷ ಒಬ್ಬ ಹುಡುಗ ಬಂದ. ಲೈನ್‌ಮನ್. ಅವನಿಗೆ ಕೆಲಸ ಕಲಿಸಿದ ಹಿರಿಯ ಲೈನ್‌ಮನ್ ತಿಂಗಳ ಕೊನೆಗೆ ನಿವೃತ್ತಿ. ‘ಅಕ್ಕಾ, ಇದನ್ನ ದೊಡ್ಡಕ್ಷರದಲ್ಲಿ ಒಂದು ಹಾಳೆಗೆ ಹಾಕಿಕೊಡಿ, ನಾನು ಓದಬೇಕು’ ಅಂದ. ಫೋನಿನಲ್ಲಿ ಇದ್ದದ್ದು ಹೀಗಿತ್ತು:

‘ಇಂದು ನಾವು ಒಂದು ಭಾವನಾತ್ಮಕ ಕ್ಷಣಕ್ಕೆ ಸಾಕ್ಷಿಯಾಗಿದ್ದೇವೆ. ಇವರು ಕೇವಲ ಒಬ್ಬ ಉದ್ಯೋಗಿಯಾಗಿರಲಿಲ್ಲ, ಬದಲಿಗೆ ಸಮರ್ಪಣೆ, ಶಿಸ್ತು ಮತ್ತು ಮಾನವೀಯತೆಯ ಸಾಕಾರ ರೂಪವಾಗಿದ್ದರು. ತಮ್ಮ 35 ವರ್ಷಗಳ ಸುದೀರ್ಘ ಸೇವೆಯಲ್ಲಿ ಅವರು ಅನೇಕರ ಬದುಕಿನಲ್ಲಿ ಬೆಳಕು ಮೂಡಿಸಿದ್ದಾರೆ.’

ಅದೇ ವಾರ ಒಬ್ಬ ಮೇಷ್ಟ್ರ ಬಿನ್ನವತ್ತಳೆಗೂ ಹೆಚ್ಚುಕಡಿಮೆ ಇದನ್ನೇ ಹಾಕಿದ್ದೆ. ಬೆಳಕು ಮೂಡಿಸುವುದು ಲೈನ್‌ಮನ್‌ಗೆ ಸ್ವಲ್ಪ ಹೊಂದುತ್ತದೆ ಅನ್ನುವುದು ಬಿಟ್ಟರೆ ಎರಡಕ್ಕೂ ವ್ಯತ್ಯಾಸ ಇರಲಿಲ್ಲ. ನನ್ನ ಮೊದಲ ಪರೀಕ್ಷೆ ಇದೇ. ಹೆಸರು ತೆಗೆದು ಓದಿ ನೋಡಿ. ಯಾರ ಕುತ್ತಿಗೆಗೆ ಹಾಕಿದರೂ ಸರಿಹೋಗುವ ಹಾರ ಆಗಿದ್ದರೆ ಆ ಬರಹಕ್ಕೆ ಇನ್ನೂ ಕೆಲಸ ಬಾಕಿ ಇದೆ.

ಎಐ ಬಳಸಬೇಡಿ ಅಂತ ನಾನು ಹೇಳುತ್ತಿಲ್ಲ. ನಾನೂ ದಿನಾ ಬಳಸುತ್ತೇನೆ. ಆದರೆ ಯಾವ ಹೊತ್ತಿಗೆ ಅದನ್ನು ಒಳಗೆ ಕರೆಯಬೇಕು, ಯಾವಾಗ ಹೊರಗೆ ಕೂರಿಸಬೇಕು ಅನ್ನುವುದು ಗೊತ್ತಿರಬೇಕು.

ಮೊದಲು ಬಾಯಿ, ಆಮೇಲೆ ಯಂತ್ರ

ಹುಡುಗನನ್ನು ಸ್ಟೂಲ್ ಮೇಲೆ ಕೂರಿಸಿದೆ. ಅವನ ಫೋನನ್ನೇ ಮೇಜಿನ ಮೇಲಿಟ್ಟು, ಕೀಬೋರ್ಡಿನ ಮೈಕ್ ಒತ್ತಿ, ಭಾಷೆ ಕನ್ನಡ ಮಾಡಿ, ಮಾತಾಡು ಅಂದೆ. ‘ಏನಂತ ಮಾತಾಡ್ಲಿ ಅಕ್ಕಾ, ತುಂಬಾ ಒಳ್ಳೆಯವರು’ ಅಂದ. ಒಳ್ಳೆಯವರು ಅನ್ನುವುದು ಯಂತ್ರಕ್ಕೂ ಗೊತ್ತು ಮಾರಾಯ. ಅದಕ್ಕೆ ಗೊತ್ತಿಲ್ಲದ್ದನ್ನು ಹೇಳು.

ನಾನು ಕೇಳುವುದು ಮೂರೇ ಪ್ರಶ್ನೆ. ಅವರ ಕೈಯಲ್ಲಿ, ಚೀಲದಲ್ಲಿ ಯಾವಾಗಲೂ ಏನಿರುತ್ತಿತ್ತು? ಬೈಯುವಾಗ ಯಾವ ಮಾತು ಹೇಳುತ್ತಿದ್ದರು? ಯಾವತ್ತಾದರೂ ಎಡವಟ್ಟಾದ ದಿನ ಏನು ಮಾಡಿದರು? ಹೊಗಳು ಅಂದರೆ ಜನಕ್ಕೆ ಬಾಯಿ ಕಟ್ಟುತ್ತದೆ. ಬೈಗುಳ ಕೇಳಿದರೆ ಮಾತು ತಾನಾಗಿ ಬರುತ್ತದೆ.

ಬಂತು. ಚೀಲದಲ್ಲಿ ಎಲೆ ಅಡಿಕೆ ಸಂಚಿ, ಒಂದು ಹಳೇ ಟೆಸ್ಟರ್. ಬೈಯುವಾಗ ಒಂದೇ ಮಾತು: ‘ಎಲ್.ಸಿ. ನೀನು ಕೇಳಿದ್ಯಾ, ಅವನು ಕೊಟ್ನಾ?’ ಎಲ್.ಸಿ. ಅಂದರೆ ಲೈನ್ ಕ್ಲಿಯರ್. ಆ ಲೈನಿನ ಕರೆಂಟ್ ತೆಗೆದಿದ್ದೇವೆ, ಇನ್ನು ಕಂಬ ಹತ್ತಬಹುದು ಅಂತ ಸಬ್‌ಸ್ಟೇಷನ್ನಿನವರು ಕೊಡುವ ಒಪ್ಪಿಗೆ. ಕೇಳುವುದು ಬೇರೆ, ಅವರು ಕೊಡುವುದು ಬೇರೆ. ನಡುವೆ ಒಂದು ಜೀವ ಇರುತ್ತದೆ. ಇದನ್ನು ಹೇಳುತ್ತಾ ಹುಡುಗ ಒಂದು ಆಷಾಢದ ರಾತ್ರಿಯ ಕತೆಗೆ ಹೋದ. ಹತ್ತು ನಿಮಿಷ ನಿಲ್ಲಲೇ ಇಲ್ಲ.

ವಾಯ್ಸ್ ಟೈಪಿಂಗ್ ಸುಮಾರು ತಪ್ಪು ಮಾಡಿತು. ಟಿ.ಸಿ. (ಅಂದರೆ ಟ್ರಾನ್ಸ್‌ಫಾರ್ಮರ್) ಅಂದದ್ದನ್ನು ಏನೇನೋ ಬರೆಯಿತು. ಪರವಾಗಿಲ್ಲ. ಅಷ್ಟರಲ್ಲಿ ಭಾಷಣದ ಜೀವ ಸಿಕ್ಕಿತ್ತು.

ಯಾವ ಬರಹಕ್ಕಾದರೂ ಇದೇ ದಾರಿ. ಕೆಲಸದ ಅರ್ಜಿ, ಪ್ರವಾಸದ ಬರಹ, ಫೇಸ್‌ಬುಕ್ ಪೋಸ್ಟ್, ಯಾವುದೇ ಆಗಲಿ. ಖಾಲಿ ಪರದೆಯ ಮುಂದೆ ಕೂತು ‘ನನಗೊಂದು ಬರಹ ಬರೆದುಕೊಡು’ ಅಂದರೆ ಅದು ಊರಿಗೆಲ್ಲ ಕೊಟ್ಟದ್ದನ್ನೇ ನಿಮಗೂ ಕೊಡುತ್ತದೆ. ಮೊದಲು ನಿಮ್ಮ ಸಾಮಾನು ತನ್ನಿ.

ಯಂತ್ರಕ್ಕೆ ಏನು ಹೇಳಬೇಕು

‘ಮನುಷ್ಯರು ಬರೆದ ಹಾಗೆ ಬರೆ’ ಅಂತ ಮಾತ್ರ ಹೇಳಬೇಡಿ. ನಾನು ಹೇಳಿ ನೋಡಿದ್ದೇನೆ. ಶುರುವಿಗೆ ‘ಗೆಳೆಯರೇ’ ಬಂತು, ನಡುವೆ ಎರಡು ‘ಅಯ್ಯೋ’ ಬಂತು, ಕೊನೆಗೆ ಕೈಮುಗಿಯುವ ಎಮೋಜಿ. ಒಳಗಿನ ಮಾತು ಮೊದಲಿದ್ದ ಹಾಗೇ ಇತ್ತು.

ನಾನು ಹಾಕುವ ಮಾತು ಸುಮಾರು ಹೀಗಿರುತ್ತದೆ: ‘ಕೆಳಗಿರುವುದು ಒಬ್ಬರು ಮಾತಾಡಿದ್ದು. ಇದನ್ನು ಕ್ರಮವಾಗಿ ಜೋಡಿಸು. ಅವರ ಪದಗಳನ್ನು ಬದಲಿಸಬೇಡ. ಅವರು ಹೇಳದ ಯಾವುದನ್ನೂ ಸೇರಿಸಬೇಡ. ಹೊಗಳಿಕೆ ಬೇಡ. ಕೇಳುವವರು ನಲವತ್ತು ಜನ, ಎಲ್ಲರಿಗೂ ಇವರು ಪರಿಚಯ. ಎರಡು ನಿಮಿಷದಲ್ಲಿ ಓದಿ ಮುಗಿಯಬೇಕು. ಎಲ್ಲಿ ಅರ್ಥವಾಗುವುದಿಲ್ಲವೋ ಅಲ್ಲಿ ಊಹಿಸಬೇಡ, ನನ್ನನ್ನೇ ಕೇಳು.’

ಕೊನೆಯ ವಾಕ್ಯ ಬಂಗಾರ. ಅದನ್ನು ಹಾಕಿದಾಗ ಯಂತ್ರ ‘ಮರ ಬಿದ್ದಾಗ ಅಲ್ಲಿ ಎಷ್ಟು ಜನ ಇದ್ದಿರಿ?’ ಅಂತ ಕೇಳಿತು. ಒಳ್ಳೆಯ ಪ್ರಶ್ನೆ. ನನಗೆ ಹೊಳೆದಿರಲಿಲ್ಲ. ಬರೆಯುವುದಕ್ಕಿಂತ ಕೇಳುವುದರಲ್ಲಿ ಇದು ಜಾಣ ಅಂತ ನನ್ನ ಅನಿಸಿಕೆ.

ನಿಮ್ಮದೇ ಬರಹ ಬೇಕಾದರೆ ನೀವು ಮೊದಲು ಬರೆದದ್ದು ಎರಡು ಮೂರು ಅದಕ್ಕೆ ತೋರಿಸಿ. ಹಳೇ ಕಾಗದ, ಅಣ್ಣನಿಗೆ ಕಳಿಸಿದ ಉದ್ದನೆಯ ವಾಟ್ಸಾಪ್ ಮೆಸೇಜ್, ಏನಾದರೂ ಸರಿ. ಫೋನ್ ನಂಬರ್, ಆಧಾರ್ ನಂಬರ್ ಇದ್ದರೆ ಅಳಿಸಿ ಹಾಕಿ. ಮತ್ತೆ, ಇಂಗ್ಲಿಷ್‌ನಲ್ಲಿ ಬರೆಸಿ ಕನ್ನಡಕ್ಕೆ ತಿರುಗಿಸಲು ಹೇಳಬೇಡಿ. ಅದರ ಕನ್ನಡ ಮೊದಲೇ ಅರ್ಧ ಅನುವಾದ. ಯಂತ್ರ ಓದಿ ಕಲಿತದ್ದರಲ್ಲಿ ಇಂಗ್ಲಿಷೇ ಜಾಸ್ತಿ. ಇಂಟರ್ನೆಟ್ಟಿನಲ್ಲಿ ಕನ್ನಡ ಇರುವುದೇ ಕಡಿಮೆ, ಅದರಲ್ಲೂ ಜಾಹೀರಾತು, ಪ್ರಕಟಣೆ, ಸುದ್ದಿ ಅಂತ ಬಹಳಷ್ಟು ಇಂಗ್ಲಿಷ್‌ನಿಂದ ಇಳಿಸಿದ್ದು. ನನ್ನಂಥ ಅಂಗಡಿಗಳ ಕನ್ನಡವೋ, ‘ನುಡಿ’, ‘ಶ್ರೀಲಿಪಿ’ ಅನ್ನುವ ಟೈಪಿಂಗ್ ತಂತ್ರಾಂಶಗಳ ಹಳೇ ಫೈಲುಗಳಲ್ಲಿ ಕೂತಿದೆ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕಾಣುವುದು ತಲೆಮೇಲೆ ಗೆರೆ, ಚುಕ್ಕಿ ಹೊತ್ತ ಇಂಗ್ಲಿಷ್ ಅಕ್ಷರಗಳ ಕಸ. ನನ್ನ ಹಾರ್ಡ್ ಡಿಸ್ಕಿನಲ್ಲಿ ಈ ಊರಿನ ಇಪ್ಪತ್ತು ವರ್ಷದ ಮದುವೆ, ಸಾವು, ಜಗಳ, ಸನ್ಮಾನ ಎಲ್ಲ ಇದೆ. ಯಾವ ಯಂತ್ರವೂ ಅದನ್ನು ಓದಿಲ್ಲ.

ಈಗ ಕತ್ತರಿ ಹಿಡಿಯಿರಿ

ಎಷ್ಟು ಚೆನ್ನಾಗಿ ಹೇಳಿದರೂ ಬರುವ ಕನ್ನಡ ಪ್ಯಾಂಟಿನ ಮೇಲೆ ಪಂಚೆ ಉಟ್ಟ ಹಾಗೆ ಇರುತ್ತದೆ. ಪ್ಯಾಂಟು ಎಲ್ಲೆಲ್ಲಿ ಕಾಣುತ್ತದೆ ಅನ್ನುವುದು ನನಗೆ ಈಗ ಬಾಯಿಪಾಠ.

ಮೊದಲು ‘ವಾಗಿದೆ’, ‘ಳಾಗಿದ್ದಾರೆ’ ಅಂತ ಹುಡುಕಿ. ಕಂಟ್ರೋಲ್ ಎಫ್ ಒತ್ತಿದರೆ ಸಾಕು. ಒಂದು ಸಂಘದ ವರದಿಯ ಒಂದೇ ಪುಟದಲ್ಲಿ ಹನ್ನೊಂದು ಸಿಕ್ಕಿದ್ದವು. ‘ಅವರು ನಮ್ಮ ಗುರುಗಳಾಗಿದ್ದಾರೆ’, ‘ಇದು ಒಂದು ಹೆಮ್ಮೆಯ ವಿಷಯವಾಗಿದೆ.’ ಇಂಗ್ಲಿಷ್ ವಾಕ್ಯಕ್ಕೆ ‘ಈಸ್’ ಅನ್ನುವ ಊರುಗೋಲು ಬೇಕು. ಕನ್ನಡಕ್ಕೆ ಬೇಡ. ‘ಅವರು ನಮ್ಮ ಗುರುಗಳು.’ ‘ಇದು ಹೆಮ್ಮೆಯ ವಿಷಯ.’ ವಾಕ್ಯ ನಿಂತುಕೊಂಡಿತು, ಅಲ್ವಾ? ಅದರ ಜೊತೆಗೆ ಆ ‘ಒಂದು’ ಕೂಡ ಹೋಗಬೇಕು. ಎಣಿಸುವಾಗ, ಹೊಸಬರನ್ನು ಕತೆಗೆ ತರುವಾಗ ಒಂದು, ಒಬ್ಬ ಇರಲಿ. ‘ಅವರು ಒಬ್ಬ ಒಳ್ಳೆಯ ವ್ಯಕ್ತಿ’ ಅಂದರೆ, ಮತ್ತೆ ಇನ್ನೊಬ್ಬರು ಎಲ್ಲಿ ಅಂತ ಕೇಳಬೇಕು ಅನಿಸುತ್ತದೆ.

ಆಮೇಲೆ ‘ಮತ್ತು’. ಸಾಮಾನು ಚೀಟಿಯಲ್ಲಿ ಯಾರಾದರೂ ‘ಅಕ್ಕಿ, ಬೇಳೆ ಮತ್ತು ಬೆಲ್ಲ’ ಅಂತ ಬರೆಯುತ್ತಾರಾ? ಅಕ್ಕಿ, ಬೇಳೆ, ಬೆಲ್ಲ. ಇಬ್ಬರನ್ನು ಸೇರಿಸಬೇಕಾದರೆ ‘ಅಪ್ಪನೂ ಅಮ್ಮನೂ’. ಕೆಲಸ ಎರಡಿದ್ದರೆ ಇನ್ನೂ ಸುಲಭ. ‘ಅವರು ಬಂದರು ಮತ್ತು ಊಟ ಮಾಡಿದರು ಮತ್ತು ಹೋದರು’ ಅನ್ನುವುದನ್ನು ‘ಬಂದು, ಊಟ ಮಾಡಿಕೊಂಡು ಹೋದರು’ ಅಂತ ಒಂದೇ ಉಸಿರಿಗೆ ಹೇಳುತ್ತೇವೆ. ಬರೆದ ‘ಮತ್ತು’ಗಳಲ್ಲಿ ಮುಕ್ಕಾಲು ಪಾಲು ಹೀಗೆ ಕರಗಿ ಹೋಗುತ್ತವೆ.

‘ಲಾಗಿದೆ’, ‘ಲಾಯಿತು’ ಕಂಡರೆ ಯಾರು ಅಂತ ಕೇಳಿ. ‘ಅವರಿಂದ ಲೈನ್ ದುರಸ್ತಿ ಮಾಡಲಾಯಿತು.’ ಮಾಡಿದವರು ಇಲ್ಲೇ ಶಾಲು ಹೊದ್ದು ಕೂತಿದ್ದಾರೆ, ಅವರನ್ನು ಯಾಕೆ ಮರೆಮಾಡಬೇಕು? ‘ಅವರು ಲೈನ್ ರಿಪೇರಿ ಮಾಡಿದರು.’ ‘ಧೂಮಪಾನ ನಿಷೇಧಿಸಲಾಗಿದೆ’ ಅಂತ ಬೋರ್ಡಿಗೆ ಇರಲಿ, ಬೋರ್ಡಿಗೆ ಅದೇ ಚೆಂದ.

‘ಹೊಂದಿದ್ದಾರೆ’ ನನಗೆ ಬಹಳ ಸಿಟ್ಟು ಬರಿಸುವ ಪದ. ‘ಮೃತರು ಮೂವರು ಮಕ್ಕಳನ್ನು ಹೊಂದಿದ್ದಾರೆ.’ ಮಕ್ಕಳೇನು ಪಹಣಿಯಲ್ಲಿರುವ ಜಮೀನಾ? ‘ಅವರಿಗೆ ಮೂವರು ಮಕ್ಕಳು’. ‘ನಾನು ಉತ್ತಮ ಅನುಭವವನ್ನು ಹೊಂದಿದ್ದೇನೆ’ ಕೂಡ ಇದೇ ಜಾತಿ. ನನಗೆ ಅನುಭವ ಇದೆ, ಅಷ್ಟೇ. ಎಣಿಕೆ ಇದ್ದಾಗ ‘ಗಳು’ ಕೂಡ ಬೇಡ. ಹತ್ತು ಕಂಬ, ನೂರು ಕಾಗದ, ನಾಲ್ಕು ದಿನ.

ಇನ್ನು ‘ಕೇವಲ ಅಲ್ಲ, ಬದಲಿಗೆ’. ಇದು ಎಐನ ಹಸ್ತಾಕ್ಷರ. ‘ಅವರು ಕೇವಲ ಶಿಕ್ಷಕರಲ್ಲ, ಬದಲಿಗೆ ಮಾರ್ಗದರ್ಶಕರು.’ ಯಾರೂ ಹೇಳದೇ ಇದ್ದ ಮಾತನ್ನು ತಾನೇ ಹುಟ್ಟಿಸಿ, ತಾನೇ ಅಲ್ಲಗಳೆದು, ಏನೋ ದೊಡ್ಡದು ಹೇಳಿದ ಹಾಗೆ ನಿಲ್ಲುತ್ತದೆ. ಕಂಡಲ್ಲಿ ಕಿತ್ತು ಹಾಕಿ. ಪ್ರೀತಿ, ತ್ಯಾಗ ಮತ್ತು ಸಹನೆ ಅಂತ ಮೂರು ಮೂರು ಗುಣ ಪೋಣಿಸಿದ್ದರೆ ಮೂರನ್ನೂ ತೆಗೆದು ಆ ಜಾಗಕ್ಕೆ ಒಂದು ನಡೆದ ಸಂಗತಿ ಇಡಿ.

ಕಿತ್ತ ಮೇಲೆ ಸ್ವಲ್ಪ ಸೇರಿಸುವುದೂ ಇದೆ. ನಮ್ಮ ಕ್ರಿಯಾಪದದ ಬಾಲದಲ್ಲಿ ಬಹಳ ಕತೆ ಇರುತ್ತದೆ. ‘ಮರ ಬಿತ್ತು’ ಒಂದು, ‘ಬಿದ್ದುಬಿಟ್ಟಿತು’ ಇನ್ನೊಂದು, ‘ಬಿದ್ದೇ ಹೋಯಿತು’ ಮತ್ತೊಂದು. ‘ಬಿದ್ದಿತಂತೆ’ ಅಂದರೆ ನಾನು ನೋಡಿಲ್ಲ, ಕೇಳಿದ್ದು ಅಂತ ಅಷ್ಟರಲ್ಲೇ ಹೇಳಿಬಿಡುತ್ತೇವೆ. ಯಂತ್ರ ಈ ‘ಅಂತೆ’ಯನ್ನು ಬಳಸುವುದೇ ಅಪರೂಪ. ಬೇಕಾದ ಕಡೆ ಒಂದೆರಡು ಹಾಕಿ. ಎಲ್ಲ ಸಾಲಿಗೂ ಬೇಡ, ಒಗ್ಗರಣೆಯೇ ಸಾರು ಆಗಬಾರದು.

ಮಲೆನಾಡಿನ ಕನ್ನಡದಲ್ಲಿ ಬರೆ, ಹುಬ್ಬಳ್ಳಿ ಕನ್ನಡದಲ್ಲಿ ಬರೆ ಅಂತಲೂ ಹೇಳಬೇಡಿ. ನಾನು ಕೇಳಿದಾಗ ‘ಐತಿ’, ‘ಐತೆ’, ‘ಉಂಟು ಮಾರಾಯ್ರೆ’ ಮೂರೂ ಒಂದೇ ಪ್ಯಾರಾದಲ್ಲಿ ಬಂದವು. ಮೂರು ಜಿಲ್ಲೆಯವರು ಒಂದೇ ಬಾಯಲ್ಲಿ ಮಾತಾಡಿದ ಹಾಗೆ. ಜನ ಆಡಿದ ಮಾತನ್ನು ಅವರು ಆಡಿದ ಹಾಗೇ ಕೊಟೇಷನ್ನಿನೊಳಗೆ ಇಡಿ. ಉಳಿದದ್ದು ಸಾಮಾನ್ಯ ಬರಹದ ಕನ್ನಡದಲ್ಲಿ ಇರಲಿ.

ಅಮ್ಮ ‘ಅವರು’ ಅಲ್ಲದಿದ್ದರೆ

ಇದೊಂದು ಸಂಗತಿ ಬೇರೆಯಾಗಿಯೇ ಹೇಳಬೇಕು. ಒಬ್ಬರು ತಾಯಿಯ ವೈಕುಂಠ ಸಮಾರಾಧನೆಗೆ ಕಾಗದ ಮಾಡಿಸಲು ಬಂದಿದ್ದರು. ಎಐ ಬರೆದದ್ದರ ತುಂಬ ‘ಅವರು ನಮಗೆ ಆದರ್ಶವಾಗಿದ್ದರು’, ‘ಅವರು ತಮ್ಮ ಜೀವನವನ್ನು ಮುಡಿಪಾಗಿಟ್ಟಿದ್ದರು’. ನೀವು ಮನೆಯಲ್ಲಿ ಅಮ್ಮನಿಗೆ ಹೀಗೇ ಹೇಳುತ್ತಿದ್ದಿರಾ ಅಂತ ಕೇಳಿದೆ. ಇಲ್ಲ, ಅಪ್ಪ ‘ಅವರು’, ಅಮ್ಮ ‘ಅವಳು’. ನಮ್ಮ ಕಡೆ ಬಹಳ ಮನೆಗಳಲ್ಲಿ ಹೀಗೇ. ‘ಅವಳು’ ಅಂದರೆ ಹತ್ತಿರ. ಆದರೆ ಅಚ್ಚಿನಲ್ಲಿ ‘ಅಮ್ಮ ಬರೆಯುತ್ತಿದ್ದಳು’ ಅಂತ ಹಾಕಿದರೆ ಸೋದರಮಾವ ಸುಮ್ಮನಿರುವುದಿಲ್ಲ ಅಂದರು. ‘ಬರೆಯುತ್ತಿದ್ದರು’ ಅಂದರೆ ಮಗನಿಗೆ ಯಾರೋ ಹೊರಗಿನವರ ಬಗ್ಗೆ ಹೇಳಿದ ಹಾಗೆ.

ಕನ್ನಡದಲ್ಲೇ ಇದಕ್ಕೆ ಉಪಾಯ ಇದೆ. ‘ಬರೆಯುತ್ತಿದ್ದ’ ಅನ್ನುವ ರೂಪಕ್ಕೆ ಮುಂದೆ ಒಂದು ನಾಮಪದ ಕೊಟ್ಟರೆ ಸಾಕು, ‘ಳು’ವೂ ಬೇಡ, ‘ರು’ವೂ ಬೇಡ. ‘ಅಮ್ಮ ಕ್ಯಾಲೆಂಡರಿನ ಚೌಕದಲ್ಲಿ ಬರೆದಿಡುತ್ತಿದ್ದ ಹಾಲಿನ ಲೆಕ್ಕ ಇನ್ನೂ ಗೋಡೆಯ ಮೇಲಿದೆ. ಹೋಗುವ ಹಿಂದಿನ ದಿನದವರೆಗೂ ಬರೆದಿದೆ.’ ಇಷ್ಟೇ ಹಾಕಿದೆವು. ಆದರ್ಶ, ಮುಡಿಪು ಎರಡೂ ಹೋದವು. ಮಾವನೂ ಏನೂ ಅನ್ನಲಿಲ್ಲ.

ಗೌರವದ ವಿಷಯದಲ್ಲಿ ಯಂತ್ರವನ್ನು ನಂಬಲೇಬೇಡಿ. ಒಂದು ಸಾಲಿನಲ್ಲಿ ‘ನೀವು’, ಮುಂದಿನದರಲ್ಲಿ ‘ನಿನ್ನ’. ಯಾರು ಯಾರಿಗೆ ಹೇಳುತ್ತಿದ್ದಾರೆ ಅಂತ ನೀವೇ ಒಮ್ಮೆ ಸಾಲು ಸಾಲಾಗಿ ನೋಡಿ.

ಸುಳ್ಳು ಹುಡುಕಿ, ಪತ್ತೆದಾರನನ್ನು ಮರೆಯಿರಿ

ಲೈನ್‌ಮನ್ ಭಾಷಣದಲ್ಲಿ 35 ವರ್ಷ ಅಂತ ಇತ್ತಲ್ಲ? ಅವರ ಸರ್ವಿಸ್ 31 ವರ್ಷ. ಹುಡುಗ ವರ್ಷ ಹೇಳಿರಲಿಲ್ಲ, ಯಂತ್ರ ತಾನೇ ಹಾಕಿತ್ತು. ಇಷ್ಟಾದರೆ ತಿದ್ದಬಹುದು. ದೊಡ್ಡ ಅಪಾಯ ವಚನದ್ದು. ಸಂದರ್ಭಕ್ಕೆ ಒಂದು ಬಸವಣ್ಣನ ವಚನ ಕೊಡು ಅಂದರೆ, ಕೊನೆಗೆ ‘ಕೂಡಲಸಂಗಮದೇವ’ ಅಂತ ಸೇರಿಸಿ ಸ್ವಂತದ್ದೇ ಕಟ್ಟಿಕೊಡುತ್ತದೆ. ಓದಲು ಚೆನ್ನಾಗಿಯೇ ಇರುತ್ತದೆ. ಬಿನ್ನವತ್ತಳೆಯಲ್ಲಿ ಅಚ್ಚಾಗಿ, ಕಟ್ಟು ಹಾಕಿಸಿ ಗೋಡೆಗೆ ತೂಗಿದ ಮೇಲೆ ಯಾರೋ ತಿಳಿದವರು ಬಂದು ಓದುತ್ತಾರೆ. ಸರ್ಕಾರ ತಂದ ಸಮಗ್ರ ವಚನ ಸಂಪುಟಗಳು ಹದಿನೈದು ಇವೆ. ವಚನ ಸಂಚಯ ಜಾಲತಾಣದಲ್ಲಿ ಪದ ಕೊಟ್ಟು ಹುಡುಕಬಹುದು. ಸಿಗದಿದ್ದರೆ ಹಾಕಬೇಡಿ. ಗಾದೆಗೂ ಇದೇ ಮಾತು.

ಕಾಲೇಜು ಹುಡುಗರು ಬಂದು ‘ಅಕ್ಕಾ, ಡಿಟೆಕ್ಟರ್‌ನಲ್ಲಿ ಸಿಕ್ಕಿಬೀಳದ ಹಾಗೆ ಮಾಡಿಕೊಡಿ’ ಅನ್ನುತ್ತಾರೆ. ಆ ಕೆಲಸ ನಾನು ಮಾಡುವುದಿಲ್ಲ. ಪರೀಕ್ಷೆಗೆ ನೀನೇ ಬರೆಯಬೇಕು ಅಂದಿದ್ದರೆ ನೀನೇ ಬರೆ. ಬರಹ ಎಐನದಾ ಮನುಷ್ಯರದ್ದಾ ಅಂತ ಹೇಳುವ ಆ ಪತ್ತೆದಾರ ತಂತ್ರಾಂಶಗಳನ್ನು ನಂಬುವುದೂ ಕಷ್ಟ. ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಕಂಪನಿಯೇ 2023ರ ಜನವರಿಯಲ್ಲಿ ಅಂಥದ್ದೊಂದನ್ನು ಬಿಟ್ಟು, ಸರಿಯಾಗಿ ಗುರುತಿಸುತ್ತಿಲ್ಲ ಅಂತ ಅದೇ ಜುಲೈನಲ್ಲಿ ವಾಪಸ್ ತೆಗೆದುಕೊಂಡಿತು. ಅದೇ ವರ್ಷ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಏಳು ಡಿಟೆಕ್ಟರ್‌ಗಳಿಗೆ ಟೋಫೆಲ್ ಅನ್ನುವ ಇಂಗ್ಲಿಷ್ ಪರೀಕ್ಷೆಯ 91 ಪ್ರಬಂಧ ಕೊಟ್ಟು ನೋಡಿದರು. ಇಂಗ್ಲಿಷ್ ಮನೆಮಾತಲ್ಲದವರು ಸ್ವಂತ ಕೈಯಲ್ಲಿ ಬರೆದದ್ದು. ಸರಾಸರಿ 61 ಪರ್ಸೆಂಟ್ ಯಂತ್ರದ್ದು ಅಂತ ತೀರ್ಪು ಬಂತು. ಸರಳವಾಗಿ ಬರೆದದ್ದೇ ತಪ್ಪಾಯಿತು. ಡಿಟೆಕ್ಟರ್ ತಪ್ಪಿಸಲು ಪದ ಬದಲಾಯಿಸುತ್ತಾ ಹೋದರೆ ಮನೆ ‘ಗೃಹ’ ಆಗುತ್ತದೆ, ನೀರು ‘ಜಲ’ ಆಗುತ್ತದೆ. ಓದುವವರಿಗೆ ಬರೆಯಿರಿ.

ಎದ್ದು ನಿಂತು ಓದಿ

ಕೊನೆಯ ಕೆಲಸಕ್ಕೆ ಕಂಪ್ಯೂಟರ್ ಬೇಡ. ಪ್ರಿಂಟ್ ತೆಗೆದು ಗಟ್ಟಿಯಾಗಿ ಓದಿ. ಭಾಷಣ ಆದರೆ ನಿಂತು ಓದಿ, ಕೂತರೆ ಉಸಿರಿನ ಅಳತೆ ಸಿಗುವುದಿಲ್ಲ. ಎಲ್ಲಿ ನಾಲಿಗೆ ತೊಡರುತ್ತದೋ ಅಲ್ಲಿ ಪೆನ್ನಿನಲ್ಲಿ ಗೆರೆ ಹಾಕಿ. ಆ ಜಾಗದಲ್ಲಿ ಸಾಮಾನ್ಯವಾಗಿ ಒಂದು ‘ವಾಗಿದೆ’ಯೋ ‘ಮತ್ತು’ವೋ ಉಳಿದುಕೊಂಡಿರುತ್ತದೆ. ಮುಜುಗರ ಆಗುವ ಸಾಲು ಸಿಕ್ಕರೆ, ಅದು ನೀವು ಬಾಯಲ್ಲಿ ಯಾವತ್ತೂ ಆಡದ ಮಾತು. ತೆಗೆಯಿರಿ.

ಹುಡುಗನನ್ನು ಅಂಗಡಿಯ ಬಾಗಿಲಲ್ಲಿ ನಿಲ್ಲಿಸಿ ಮೂರು ಸಲ ಓದಿಸಿದೆ. ಮೂರನೇ ಸಲಕ್ಕೆ ಹೀಗೆ ನಿಂತಿತು:

‘ಇವರ ಜೊತೆ ಆರು ವರ್ಷ ಕಂಬ ಹತ್ತಿದ್ದೇನೆ. ಕಲಿಸಿದ್ದಕ್ಕಿಂತ ಬೈದದ್ದೇ ಜಾಸ್ತಿ. ಒಂದು ಆಷಾಢದ ರಾತ್ರಿ ಹಲಸಿನ ಮರ ಲೈನಿನ ಮೇಲೆ ಬಿದ್ದುಬಿಟ್ಟಿತ್ತು. ನಾವು ಇಬ್ಬರೇ. ನಾನು ಎಲ್.ಸಿ. ಕೇಳಿದ್ದೆ. ಮಳೆಗೆ ಫೋನ್ ಸರಿಯಾಗಿ ಕೇಳಿಸುತ್ತಿರಲಿಲ್ಲ. ಆಯ್ತು ಅಂದಿರಬೇಕು ಅಂತ ಹತ್ತಲು ಹೋದೆ. ಇವರು ಹಿಂದಿನಿಂದ ಬೆಲ್ಟ್ ಹಿಡಿದು ಎಳೆದರು. ನೀನು ಕೇಳಿದ್ಯಾ, ಅವನು ಕೊಟ್ನಾ ಅಂದರು. ಮತ್ತೆ ಫೋನ್ ಮಾಡಿದೆ. ಇನ್ನೂ ಕೊಟ್ಟಿರಲಿಲ್ಲ.’

ಇದರ ಮುಂದೆ ಎರಡು ಸಾಲು ವಂದನೆ, ಮುಗಿಯಿತು. ಒಟ್ಟು ಒಂದೂವರೆ ನಿಮಿಷ. ಈ ಹಾಳೆಯಲ್ಲಿ ಯಂತ್ರದ ಪಾಲು ಎಷ್ಟು ಅಂದರೆ, ಹತ್ತು ನಿಮಿಷದ ಮಾತನ್ನು ಅರ್ಧ ಪುಟಕ್ಕೆ ಇಳಿಸಿದ್ದು, ಎಷ್ಟು ಜನ ಇದ್ದಿರಿ ಅಂತ ಕೇಳಿದ್ದು. ನನಗೆ ಒಂದು ಗಂಟೆ ಉಳಿಯಿತು.

ಸಮಾರಂಭದಲ್ಲಿ ಹುಡುಗ ‘ನೀನು ಕೇಳಿದ್ಯಾ’ ಅಂತ ಓದುತ್ತಿದ್ದ ಹಾಗೆ, ಹಿಂದಿನ ಸಾಲಿನ ಲೈನ್‌ಮನ್‌ಗಳೆಲ್ಲ ‘ಅವನು ಕೊಟ್ನಾ’ ಅಂತ ಒಟ್ಟಿಗೆ ಕೂಗಿದರಂತೆ.

ನಾಲ್ಕು ದಿನ ಕಳೆದ ಮೇಲೆ ಆ ಹಿರಿಯರೇ ಅಂಗಡಿಗೆ ಬಂದರು. ಕೈಯಲ್ಲಿ ಅದೇ ಹಾಳೆ, ನಾಲ್ಕು ಮಡಿಕೆ ಮಾಡಿದ್ದು. ಲ್ಯಾಮಿನೇಷನ್ ಮಾಡಿಸಬೇಕಿತ್ತು. ‘ಒಂದು ತಪ್ಪಿದೆಯಲ್ಲಮ್ಮ’ ಅಂದರು. ನನಗೆ ಎದೆ ಧಸಕ್ಕೆಂದಿತು. ‘ಅವನಿಗೆ ಕತ್ತಲಲ್ಲಿ ಗೊತ್ತಾಗಿಲ್ಲ. ಅದು ಹಲಸು ಅಲ್ಲ, ಹೊನ್ನೆ ಮರ.’

ತಿದ್ದಿ ಇನ್ನೊಂದು ಪ್ರಿಂಟ್ ತೆಗೆದುಕೊಟ್ಟೆ.